ಸಾರಿಗೆ ಜನಕ ಯಾರು?

ದೆವ್ವಕ್ಕೆ ಹೆದರುವವರನ್ನು ಕಂಡರೆ ನನಗೆ ಈಚೆಗೆ ಹೊಟ್ಟೆಕಿಚ್ಚಾಗುತ್ತದೆ. ಅವರ ಭಯಕ್ಕೊಂದು ಹೆಸರಿದೆ, ಹೆಸರಿಗೊಂದು ಪರಿಹಾರವಿದೆ. ನಿಂಬೆಹಣ್ಣು ಕುಯ್ದು ಹೊಸಿಲ ಎರಡು ಬದಿಗೆ ಇಟ್ಟರೆ, ಗೊತ್ತಿದ್ದವರಿಂದ ಒಂದು ತಾಯತ ಕಟ್ಟಿಸಿಕೊಂಡರೆ, ಅದೂ ಸಾಲದಿದ್ದರೆ ಪುರೋಹಿತರನ್ನು ಕರೆಸಿ ಹೋಮ ಮಾಡಿಸಿ ನಾಲ್ಕು ಜನಕ್ಕೆ ಊಟ ಹಾಕಿದರೆ ಅವರಿಗೆ ಮತ್ತೆ ನೆಮ್ಮದಿಯಾಗಿ ನಿದ್ದೆ ಬರುತ್ತದೆ. ವಿಜ್ಞಾನ ಓದಿ ಹೆದರಿಕೊಂಡವರಿಗೆ ಈ ಸೌಕರ್ಯವಿಲ್ಲ. ಸಾರಜನಕಕ್ಕೆ ಶಾಂತಿ ಮಾಡಿಸುವ ಪುರೋಹಿತರು ಅರಸೀಕೆರೆಯಲ್ಲಂತೂ ಇಲ್ಲ. ಬಾಣಾವರದ ಕಡೆಯೂ ಇದ್ದಂತಿಲ್ಲ.

ನಾನು ಅರಸೀಕೆರೆಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕಿ. ಈ ಕೆಲಸದಲ್ಲಿರುವವರಿಗೆ ಕಾಲಕ್ರಮದಲ್ಲಿ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಯಾವುದನ್ನೂ ವಿವರಿಸದೆ ಸುಮ್ಮನೆ ಬಿಡಲು ಆಗುವುದಿಲ್ಲ. ಮದುವೆಮನೆಯಲ್ಲಿ ಪಕ್ಕದ ಎಲೆಯವರು ಹುಳಿಯ ಬೇಳೆ ಬೆಂದಿಲ್ಲ ಎಂದರೆ ಸಾಕು, ಮೊಸರನ್ನ ಬರುವ ಹೊತ್ತಿಗೆ ನಾನು ಅವರನ್ನು ಬೇಳೆಯೊಳಗಿನ ಪ್ರೋಟೀನಿನವರೆಗೂ ನಡೆಸಿಕೊಂಡು ಹೋಗಿರುತ್ತೇನೆ. ಕೆಲವು ನೆಂಟರು ಊಟಕ್ಕೆ ಕೂರುವ ಮುನ್ನ ನಾನು ಯಾವ ಸಾಲಿನಲ್ಲಿದ್ದೇನೆಂದು ನೋಡಿಕೊಂಡು ಇನ್ನೊಂದು ಸಾಲಿಗೆ ಹೋಗುತ್ತಾರೆಂದು ನನ್ನ ನಾದಿನಿ ಒಮ್ಮೆ ಹೇಳಿದ್ದಳು. ನನಗೆ ಬೇಸರವಾಗಲಿಲ್ಲ. ಮನೆಯಲ್ಲಿ ನನ್ನ ಪಾಠಕ್ಕೆ ಕಾಯಂ ಶ್ರೋತೃವೊಬ್ಬರು ಇದ್ದರು. ಅವರು ನನ್ನ ಅತ್ತೆ.

ಅತ್ತೆಯದು ಬೇಲೂರು ಕಡೆಯ ಒಂದು ಸಣ್ಣ ದೇವಸ್ಥಾನದ ಸೇವೆಯ ಮನೆತನ. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಬಂದರು. ಬರುವಾಗ ತಂದದ್ದು ಎರಡು ಟ್ರಂಕು, ಒಂದು ಒರಳುಕಲ್ಲು, ಸೆರಗಿನ ತುದಿಯಲ್ಲಿ ಗಂಟು ಹಾಕಿದ್ದ ದಂಟಿನ ಬೀಜ. ನನ್ನ ಪಾಠಗಳನ್ನೆಲ್ಲ ಅವರು ಶ್ರದ್ಧೆಯಿಂದ ಕೇಳುತ್ತಾರೆ. ಕೇಳಿ ಮುಗಿದ ಮೇಲೆ ಒಂದೇ ಒಂದು ಪ್ರಶ್ನೆ ಹಾಕುತ್ತಾರೆ. ಆ ಪ್ರಶ್ನೆಗೆ ಉತ್ತರ ಯಾವ ಪಠ್ಯಪುಸ್ತಕದಲ್ಲೂ ಇರುವುದಿಲ್ಲ. ನನ್ನ ಯಜಮಾನರು ತಿಪಟೂರಿನ ಒಂದು ಬ್ಯಾಂಕಿಗೆ ದಿನಾ ರೈಲಿನಲ್ಲಿ ಹೋಗಿಬರುತ್ತಾರೆ. ಮನೆಯಲ್ಲಿ ಇರುವ ಹೊತ್ತು ಕಡಿಮೆಯಾದ್ದರಿಂದ ಅವರಿಗೆ ಮನೆಯ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯವಿದೆ.

ಮನೆ ಬಾಡಿಗೆಯದು, ಜಾವಗಲ್ ರಸ್ತೆಯ ಕಡೆ ಊರು ಮುಗಿಯುವಲ್ಲಿ. ಓನರು ಬಾಣಾವರದಲ್ಲಿ ಅಂಗಡಿ ಇಟ್ಟುಕೊಂಡಿದ್ದಾರೆ. ಮನೆ ತೋರಿಸುವ ದಿನ ಅವರು ನಮ್ಮ ಜಾತಿಯನ್ನು ಕೇಳದೆ ಕೇಳಿ ತಿಳಿದುಕೊಂಡು, ‘ಈ ಮನೇಲಿ ಇದುವರೆಗೆ ಮಾಂಸದ ಒಗ್ಗರಣೆ ಬಿದ್ದಿಲ್ಲ’ ಎಂದು ಹೆಮ್ಮೆಯಿಂದ ಹೇಳಿದ್ದರು. ನಮಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಬೋರ್‌ವೆಲ್ಲು. ಅರಸೀಕೆರೆಯಲ್ಲಿ ನೀರಿರುವ ಬಾಡಿಗೆ ಮನೆ ಸಿಕ್ಕರೆ ಹಿಂದೆ ಮುಂದೆ ನೋಡುವವರು ಯಾರೂ ಇಲ್ಲ. ನಾವು ಹಿಂದೆ ನೋಡಬೇಕಾಗಿತ್ತು. ಮನೆಯ ಹಿಂದೆ ಹಿತ್ತಲಿತ್ತು.

ಹಿತ್ತಲೆಂದರೆ ನಮ್ಮ ಕಡೆಯ ಹಿತ್ತಲು. ಕೆಂಪು ಜಲ್ಲಿಮಣ್ಣು, ಗುದ್ದಲಿ ಹಾಕಿದರೆ ಕಿಡಿ ಹಾರುತ್ತದೆ. ಅತ್ತೆ ತಮ್ಮ ಬೀಜವನ್ನು ಹಿತ್ತಲ ಉದ್ದಗಲಕ್ಕೂ ಎರಚಿದರು. ಎಲ್ಲ ಕಡೆಯೂ ಬಡಕಲಾದ, ಹಳದಿ ಮುಖದ ಸಸಿಗಳು ಬಂದವು. ದೂರದ ಕಾಂಪೌಂಡಿನ ಬದಿಯ ಒಂದು ತುಂಡು ಜಾಗದಲ್ಲಿ ಮಾತ್ರ ಅದೇ ಬೀಜ, ಅದೇ ನೀರು, ಬೇರೆಯೇ ಅವತಾರ ಎತ್ತಿತು. ಕೈಯಗಲದ ಎಲೆ, ಹೆಬ್ಬೆರಳ ಗಾತ್ರದ ದಂಟು. ಬಣ್ಣ ಹಸಿರೆನ್ನುವುದಕ್ಕಿಂತ ಕಪ್ಪಿಗೇ ಹತ್ತಿರ. ಕಿತ್ತಷ್ಟೂ ಎರಡರಷ್ಟು ಚಿಗುರುತ್ತಿತ್ತು. ನಡುಮಧ್ಯಾಹ್ನ ಅಡಿಗೆಮನೆಯ ಕಿಟಕಿಯಿಂದ ನೋಡಿದರೆ ಬೋಳು ನೆಲದ ಮೇಲೆ ಯಾರೋ ಒದ್ದೆ ಕಂಬಳಿ ಹಾಸಿ ಹೋದಂತೆ ಕಾಣುತ್ತಿತ್ತು. ಆ ಕಂಬಳಿಗೆ ಅಂಚುಗಳಿದ್ದವು. ಒಬ್ಬ ಮನುಷ್ಯ ಕೈಕಾಲು ನೀಡಿ ಮಲಗಿದರೆ ಬೇಕಾಗುವಷ್ಟೇ ಉದ್ದ, ಬೇಕಾಗುವಷ್ಟೇ ಅಗಲ. ಮೊದಮೊದಲು ಇದನ್ನು ನಾವು ಗಮನಿಸಲಿಲ್ಲ. ಸೊಪ್ಪು ಸೊಗಸಾಗಿತ್ತು. ಸೊಗಸಾದದ್ದರ ಆಕಾರವನ್ನು ಯಾರು ನೋಡುತ್ತಾರೆ?

ನಾವು ಮೂವರು ಎಷ್ಟು ತಿಂದೇವು? ಸಾರು, ಪಲ್ಯ, ಹುಳಿ, ಮಸ್ಸೊಪ್ಪು ಎಲ್ಲ ಆಯಿತು. ಮಿಕ್ಕದ್ದನ್ನು ಅತ್ತೆ ಬೇಲಿಯಾಚೆಯ ಜಯಮ್ಮನಿಗೆ ಕೊಡಲು ಹೋದರು. ಜಯಮ್ಮ ಜಾವಗಲ್ ಕಡೆಯವರು, ಕೊಡುವುದರಲ್ಲೂ ತೆಗೆದುಕೊಳ್ಳುವುದರಲ್ಲೂ ಧಾರಾಳಿ. ಆದರೂ ಸೊಪ್ಪಿನ ಕಟ್ಟನ್ನು ನೋಡಿ ಅವರು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ‘ಬ್ಯಾಡ ಕಣಮ್ಮ, ನಮ್ಮನೇಲೂ ಐತೆ’ ಎಂದರು. ಅವರ ಮನೆಯಲ್ಲಿ ಒಂದು ಎಲೆಯೂ ಇರಲಿಲ್ಲ. ಎದುರುಮನೆಯವರು ಮೂತ್ರಪಿಂಡದ ಕಲ್ಲಿನ ನೆಪ ಹೇಳಿದರು. ಮೂಲೆಮನೆಯವರು ಏನೂ ಹೇಳದೆ ಬಾಗಿಲು ಮುಂದಕ್ಕೆ ಹಾಕಿದರು. ಬಿಟ್ಟಿ ಸೊಪ್ಪನ್ನು ಬೇಡವೆನ್ನುವ ಬೀದಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹೊಸಬರೆಂದು ಸಂಕೋಚವಿರಬೇಕು ಎಂದುಕೊಂಡೆ.

ಒಂದು ಸಂಜೆ ಊಟದ ಹೊತ್ತಿಗೆ ಅತ್ತೆ ಸಾರು ಬಡಿಸುತ್ತ, ಒಂದೇ ಬೀಜ ಇಲ್ಲಿ ಹಳದಿ ಅಲ್ಲಿ ಕಪ್ಪು ಯಾಕಾಯಿತೆಂದು ಕೇಳಿದರು. ಅಂದು ತರಗತಿಯಲ್ಲಿ ಅದೇ ಪಾಠ ಮಾಡಿ ಬಂದಿದ್ದೆ. ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಶುರುಮಾಡಿದೆ. ಎಲ್ಲ ಸಾರಜನಕದ ಮಹಿಮೆ ಎಂದೆ. ಅತ್ತೆ ಆ ಪದವನ್ನು ಬಾಯಲ್ಲಿ ಒಮ್ಮೆ ಹೊರಳಿಸಿ, ‘ಸಾರಿಗೆ ಜನಕನೋ, ಹೆಸರು ಚೆನ್ನಾಗಿದೆ’ ಎಂದರು. ಪ್ರೋತ್ಸಾಹ ಸಿಕ್ಕಿದ್ದೇ ತಡ, ನಾನು ಪೂರ್ತಿ ಪಾಠ ಬಿಚ್ಚಿದೆ. ಗಾಳಿಯಲ್ಲಿ ಐದು ಪಾಲಿದ್ದರೆ ಹೆಚ್ಚುಕಡಿಮೆ ನಾಲ್ಕು ಪಾಲು ಸಾರಜನಕವೇ. ಗಿಡ ಅದರಲ್ಲೇ ಮುಳುಗಿ ನಿಂತಿದ್ದರೂ ಅದಕ್ಕೆ ಎಳ್ಳಷ್ಟೂ ದಕ್ಕುವುದಿಲ್ಲ. ಆ ಅನಿಲದ ಪರಮಾಣುಗಳು ಎರಡೆರಡಾಗಿ, ಮೂರು ಮೂರು ಕೈಗಳಿಂದ ಒಂದನ್ನೊಂದು ತಬ್ಬಿಕೊಂಡಿರುತ್ತವೆ. ಬಿಡಿಸುವ ತಾಕತ್ತು ಸಿಡಿಲಿಗಿದೆ, ಕೆಲವು ಬ್ಯಾಕ್ಟೀರಿಯಾಗಳಿಗಿದೆ. ಅವರೆ, ಅಲಸಂದೆ, ಹುರುಳಿ ಇವೆಲ್ಲ ಜಾಣ ಗಿಡಗಳು. ಅಂಥ ಬ್ಯಾಕ್ಟೀರಿಯಾಗಳನ್ನು ತಮ್ಮ ಬೇರಿನ ಗಂಟುಗಳಲ್ಲಿ ಬಾಡಿಗೆಗೆ ಇಟ್ಟುಕೊಂಡು, ಸಕ್ಕರೆ ಕೊಟ್ಟು ಸಾರಜನಕ ಪಡೆಯುತ್ತವೆ. ದಂಟಿಗೆ ಆ ಭಾಗ್ಯವಿಲ್ಲ. ಅದು ಮಣ್ಣಿನ ನೀರಿನಲ್ಲಿ ಕರಗಿದ ನೈಟ್ರೇಟನ್ನು ಬೇರಿನಿಂದ ಕುಡಿಯಬೇಕು. ಕುಡಿದದ್ದನ್ನು ಅಮೋನಿಯಾ ಮಾಡಿಕೊಂಡು, ಬಿಸಿಲಿನಲ್ಲಿ ತಾನು ತಯಾರಿಸಿದ ಸಕ್ಕರೆಯ ಇಂಗಾಲಕ್ಕೆ ಜೋಡಿಸಿ ಅಮೈನೋ ಆಮ್ಲ ಕಟ್ಟುತ್ತದೆ. ಅವುಗಳಿಂದ ಪ್ರೋಟೀನು, ಎಲೆಯ ಹಸಿರು, ಬೀಜದೊಳಗಿನ ವಂಶದ ಬರಹ ಎಲ್ಲವೂ. ಸಾಕಷ್ಟು ಸಿಗದಿದ್ದರೆ ಗಿಡ ಹಳೆಯ ಎಲೆಯಿಂದ ಸಾರಜನಕವನ್ನು ಕಿತ್ತು ಎಳೆಯ ಎಲೆಗೆ ಕೊಡುತ್ತದೆ. ಅದಕ್ಕೇ ಮೊದಲು ಹಳದಿಯಾಗುವುದು ಹಳೆಯ ಎಲೆ. ‘ಅದನ್ನ ನೀನು ಹೇಳ್ಬೇಕಾಗಿಲ್ಲ’ ಎಂದರು ಅತ್ತೆ. ನಮ್ಮ ಯಜಮಾನರು ತಟ್ಟೆ ನೋಡುತ್ತ ನಕ್ಕರು.

ಆಮೇಲೆ ಅತ್ತೆ ತಮ್ಮ ಒಂದು ಪ್ರಶ್ನೆಯನ್ನು ಕೇಳಿದರು. ಆ ನೈಟ್ರೇಟು ಮಣ್ಣಿಗೆ ಎಲ್ಲಿಂದ ಬರುತ್ತದೆ? ಸತ್ತದ್ದು ಕೊಳೆತು ಬರುತ್ತದೆ ಎಂದೆ. ಸತ್ತ ಜೀವದ ಪ್ರೋಟೀನನ್ನು ಸೂಕ್ಷ್ಮಜೀವಿಗಳು ಬಿಡಿಸಿ ಅಮೋನಿಯಾ ಮಾಡುತ್ತವೆ, ಬೇರೆ ಕೆಲವು ಅದನ್ನು ನೈಟ್ರೇಟ್ ಮಾಡುತ್ತವೆ, ಸಾವಿನಲ್ಲಿ ಏನೂ ವ್ಯರ್ಥವಾಗುವುದಿಲ್ಲ ಎಂದು ತರಗತಿಯಲ್ಲಿ ಹೇಳುವ ಧಾಟಿಯಲ್ಲೇ ಹೇಳಿ ಮುಗಿಸಿದೆ.

‘ನಾವು ಗೊಬ್ಬರ ಹಾಕಿಲ್ವಲ್ಲೇ’ ಎಂದರು ಅತ್ತೆ. ಸೌಟು ಅವರ ಕೈಯಲ್ಲೇ ಇತ್ತು. ‘ಹಾಗಾದ್ರೆ ಅಲ್ಲಿ ಸತ್ತಿರೋದು ಏನು?’

ಮೂರು ತಟ್ಟೆಯಲ್ಲೂ ಸಾರು ಕಪ್ಪಗೆ, ನಿಶ್ಚಲವಾಗಿ ನಿಂತಿತ್ತು.

ಅಂದಿನಿಂದ ನಮ್ಮ ಮನೆಯ ನೆಮ್ಮದಿ ಹೋಯಿತು. ಅಲ್ಲಿ ಗಾಳಿ ಇದೆ, ಚೇಷ್ಟೆ ಇದೆ ಎಂದು ಯಾರಾದರೂ ಹೇಳಿದ್ದರೆ ಅತ್ತೆ ಒಂದು ನಮಸ್ಕಾರ ಹಾಕಿ, ಒಂದು ದೀಪ ಹಚ್ಚಿ ಮುಗಿಸುತ್ತಿದ್ದರು. ಅವರಿಗೆ ದೆವ್ವಗಳ ಜೊತೆ ಬಾಲ್ಯದಿಂದ ಒಳ್ಳೆಯ ಸಂಬಂಧವಿದೆ. ನಾನು ಹೇಳಿದ್ದು ಶಾಸ್ತ್ರ. ಅದರಲ್ಲಿ ದೀಪಕ್ಕೆ ಜಾಗವಿರಲಿಲ್ಲ. ನಮ್ಮ ಯಜಮಾನರು ಧೈರ್ಯ ಪ್ರದರ್ಶನಕ್ಕೆಂದು ಭಾನುವಾರ ಹಾರೆ ಹಿಡಿದು ಹೋದರು. ಹಿತ್ತಲ ಬೇರೆ ಕಡೆ ಬಾರಿಸಿದರೆ ಠಣ್ಣೆನ್ನುವ ಹಾರೆ, ಅಲ್ಲಿ ಸುಮ್ಮನೆ ಊರಿದರೆ ಸಾಕು, ತನ್ನ ಭಾರಕ್ಕೆ ತಾನೇ ಮೆಲ್ಲಗೆ ಒಳಗೆ ಇಳಿಯಿತು. ಸದ್ದೇ ಆಗಲಿಲ್ಲ. ಅವರು ಅದನ್ನು ಹುಷಾರಾಗಿ ಹೊರಗೆಳೆದು, ತುದಿಯನ್ನು ಕಲ್ಲಿಗೆ ಒರೆಸಿ, ಮಳೆ ಬಂದ ಮೇಲೆ ನೋಡೋಣ ಎಂದು ಒಳಗೆ ಬಂದುಬಿಟ್ಟರು. ಮಳೆಗೂ ಹಾರೆಗೂ ಏನು ಸಂಬಂಧವೆಂದು ನಾನು ಕೇಳಲಿಲ್ಲ.

ಬೆಕ್ಕುಗಳನ್ನು ನಾನು ಗಮನಿಸಿದ್ದು ಆಮೇಲೆ. ಹೊತ್ತು ಇಳಿಯುತ್ತಿದ್ದಂತೆ ಕಾಂಪೌಂಡು ಹಾರಿ ಎರಡು ಬೆಕ್ಕು ಬರುತ್ತಿದ್ದವು. ಬಂದು, ಸೊಪ್ಪಿನ ಮಡಿಯ ತಲೆಗೊಂದು ಕಾಲಿಗೊಂದು ಕೂತು, ಎಲೆಗಳ ನಡುವೆ ಒಂದೇ ಕಡೆ ನೋಡುತ್ತಿದ್ದವು. ಬಾಲ ಸಹ ಅಲ್ಲಾಡುತ್ತಿರಲಿಲ್ಲ. ತಲೆ, ಕಾಲು ಎಂದು ನಾನೇ ಬರೆದೆ ನೋಡಿ. ಮನಸ್ಸು ಆಗಲೇ ಅಲ್ಲಿಗೆ ಬಂದಿತ್ತು. ಕಾಲೇಜಿನಲ್ಲಿ ಸಾರಜನಕ ಚಕ್ರದ ಚಿತ್ರ ಬರೆಯುತ್ತಿದ್ದಾಗ ಸತ್ತ ಜೀವಿಯಿಂದ ಗಿಡಕ್ಕೆ ಬಾಣದ ಗುರುತು ಹಾಕುವಲ್ಲಿ ನನ್ನ ಕೈ ನಿಂತಿತು. ಅಷ್ಟು ವರ್ಷ ಆ ಬಾಣ ಹಾಕಿದ್ದೇನೆ. ಗಿಡದಿಂದ ಮುಂದೆ ಇನ್ನೊಂದು ಬಾಣವಿದೆ, ಅದು ತಿನ್ನುವವರ ಕಡೆಗೆ ಬರುತ್ತದೆ ಎಂದು ಅಂದೇ ನನಗೆ ಮೈಗೆ ಮುಟ್ಟಿದ್ದು. ಹೊಸ ಮನೆಗೆ ಬಂದ ಮೇಲೆ ನನ್ನ ಕೂದಲು ದಟ್ಟವಾಗಿ ಬೆಳೆದಿದೆ ಎಂದು ಕಾಲೇಜಿನಲ್ಲಿ ಎಲ್ಲರೂ ಹೊಗಳುತ್ತಿದ್ದರು. ಕೂದಲೂ ಪ್ರೋಟೀನೇ. ಕನ್ನಡಿ ನೋಡಿಕೊಳ್ಳುವಾಗ ಇದು ಯಾರದು ಎನ್ನಿಸತೊಡಗಿತು.

ತಡೆಯಲಾರದೆ ಒಂದು ದಿನ ನಾನೂ ಅತ್ತೆಯೂ ಜಯಮ್ಮನನ್ನು ಕೂರಿಸಿಕೊಂಡು ಕೇಳಿದೆವು. ಅವರು ಮೊದಲು ಏನೇನೋ ಹೇಳಿ ತಪ್ಪಿಸಿಕೊಳ್ಳಲು ನೋಡಿದರು. ಕಾಫಿ ಕುಡಿದಾದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದರು. ನಮಗಿಂತ ಮೊದಲು ಆ ಮನೆಯಲ್ಲಿ ಗೌತಮಿ ಎನ್ನುವ ಮೇಡಮ್ಮೂ ಅವರ ಗಂಡನೂ ಇದ್ದರು. ಆಯಮ್ಮ ಹಳೇಬೀಡಿನ ಕಡೆ ಹೈಸ್ಕೂಲಿಗೆ ಹೋಗಿಬರುತ್ತಿದ್ದಳು. ಒಳ್ಳೆಯವಳು, ಮಾತು ಕಡಿಮೆ. ಆದರೆ ಕೆಲವು ಸಂಜೆ, ಬೀದಿದೀಪ ಹತ್ತುವ ಮೊದಲು, ಸೆರಗು ಕಟ್ಟಿಕೊಂಡು ಹಿತ್ತಲಲ್ಲಿ ಅದೇ ಜಾಗದಲ್ಲಿ ಕೂತು ಮಣ್ಣು ಅಗೆಯುತ್ತಿದ್ದಳು. ಏನೋ ಇಟ್ಟು, ಮುಚ್ಚಿ, ಮೇಲೆ ಕಲ್ಲಿಡುತ್ತಿದ್ದಳು. ಒಂದು ಸಲ ಜಯಮ್ಮ ಬೇಲಿಯಿಂದ ಮಾತಾಡಿಸಿದಾಗ ಅವಳು ಬೆಚ್ಚಿಬಿದ್ದು, ಕೈಯನ್ನು ಹಿಂದೆ ಮರೆಮಾಡಿಕೊಂಡಳು.

‘ಗಂಡ ಸಾಮಾನು ಲಾರಿಗೆ ಹಾಕ್ಸಿದ್ದನ್ನ ನಾನೇ ನೋಡಿವ್ನಿ’ ಎಂದರು ಜಯಮ್ಮ. ‘ಆಯಮ್ಮ ಹೋಗಿದ್ದನ್ನ ಮಾತ್ರ ಯಾರೂ ನೋಡ್ಲಿಲ್ಲ ಕಣಮ್ಮ.’

ಬೀದಿಯವರಿಗೆಲ್ಲ ಇದು ಗೊತ್ತಿತ್ತು. ನಮಗೆ ಹೇಳಿದರೆ ಹೆದರಿಕೊಂಡೇವೆಂದು ಹೇಳಿರಲಿಲ್ಲವಂತೆ. ನಾವು ಸೊಪ್ಪು ಕುಯ್ಯುವುದು ಕಂಡರೆ ಕಿಟಕಿ ಹಾಕಿಕೊಳ್ಳುತ್ತಿದ್ದರಂತೆ.

ನಮ್ಮ ಯಜಮಾನರಿಗೆ ಹೇಳಿದರೆ, ನೀರು ಚೆನ್ನಾಗಿ ಬರುತ್ತಿದೆಯಲ್ಲ, ಸುಮ್ಮನಿರಿ ಎಂದರು. ಪೊಲೀಸರಿಗೆ ಹೇಳೋಣವೆಂದರೆ ಏನೆಂದು ಹೇಳುವುದು? ದಂಟು ಚೆನ್ನಾಗಿ ಬೆಳೆದಿದೆ ಎಂದೇ? ಅತ್ತೆ ಎರಡು ದಿನ ಅವಲಕ್ಕಿ ಮೊಸರಿನಲ್ಲಿ ಕಳೆದು, ಮೂರನೆಯ ಬೆಳಿಗ್ಗೆ ಒಗೆದ ಸೀರೆ ಉಟ್ಟು ಬಾಗಿಲಲ್ಲಿ ನಿಂತರು. ‘ಅವಳು ಇದ್ದಾಳೋ ಇಲ್ವೋ ನೋಡ್ಕೊಂಡು ಬಂದ್ಬಿಡೋಣ ನಡಿ. ಇಲ್ಲ ಅಂದ್ರೆ ಅವಳಿಗೆ ಆಗ್ಬೇಕಾದ್ದು ಆಗಿರಲ್ಲ, ಪಾಪ’ ಎಂದರು. ತಾವು ತಿಂದದ್ದಕ್ಕಿಂತ ಅವಳಿಗೆ ತಿಥಿಯಾಗದೆ ಇರುವುದು ಅವರನ್ನು ಹೆಚ್ಚು ಕಾಡಿತ್ತೆಂದು ಆಗ ನನಗೆ ತಿಳಿಯಿತು.

ಶನಿವಾರ, ಬೆಳಗಿನ ಶಾಲೆ. ನಾನು ರಜೆ ಹಾಕಿದೆ. ಜಾವಗಲ್ ದಾಟಿ ಹಳೇಬೀಡಿನ ಕಡೆ ಬಸ್ಸು ಓಡುವಾಗ ಎರಡು ಬದಿಗೂ ಹೊಲ. ಹಸಿರು ಕಂಡ ಕಡೆಯೆಲ್ಲ ನನ್ನ ಕಣ್ಣು ಅದರ ಕೆಳಗೆ ಇಳಿಯುತ್ತಿತ್ತು. ಎಷ್ಟು ಹಳೆಯ ನೆಲ ಇದು! ಎಷ್ಟು ಜನ ಇಲ್ಲಿ ಉಂಡು, ಕಾದಾಡಿ, ಕಲ್ಲು ಕಡಿದು, ಮಲಗಿದ್ದಾರೆ. ಅವರೆಲ್ಲ ರಾಗಿಯಾಗಿ ಎಷ್ಟು ಸಲ ಎದ್ದು ಬಂದಿದ್ದಾರೋ. ಹಿಂದಿನ ಸೀಟಿನವರು ಟೊಮೇಟೊ ಧಾರಣೆ ಮಾತಾಡುತ್ತಿದ್ದರು. ಅತ್ತೆ ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದರು.

ಶಾಲೆ ಹುಡುಕುವುದು ಕಷ್ಟವಾಗಲಿಲ್ಲ. ಗೇಟಿನಲ್ಲಿದ್ದವರನ್ನು ಗೌತಮಿ ಮೇಡಂ ಎನ್ನುವವರು ಇಲ್ಲಿ ಇದ್ದರಲ್ಲವೇ ಎಂದು ಭೂತಕಾಲದಲ್ಲೇ ಕೇಳಿದೆ. ಅವರು ವರ್ತಮಾನ ಕಾಲದಲ್ಲಿ, ಇದ್ದಾರೆ, ಎಂಟನೇ ಕ್ಲಾಸಿಗೆ ಲೆಕ್ಕ ಮಾಡುತ್ತಿದ್ದಾರೆ, ಬೆಲ್ ಆಗಲಿ ಎಂದರು. ನಾವಿಬ್ಬರೂ ಬೇವಿನ ಮರದ ಕಟ್ಟೆಯ ಮೇಲೆ ಕೂತೆವು. ಬೆಲ್ ಆಯಿತು. ಚಾಕ್‌ಪೀಸಿನ ಪುಡಿ ಮೆತ್ತಿದ ಕೈಯನ್ನು ಕರ್ಚೀಫಿಗೆ ಒರೆಸಿಕೊಳ್ಳುತ್ತ, ತೆಳ್ಳಗಿನ ಹೆಂಗಸೊಬ್ಬರು ನಮ್ಮ ಕಡೆ ನಡೆದು ಬಂದರು. ಅವರ ನೆರಳು ನೆಲದ ಮೇಲೆ ಬೀಳುತ್ತಿದೆಯೇ ಎಂದು ನಾನು ನೋಡಿದೆ. ಹೌದು, ನಾನೇ ನೋಡಿದೆ, ಎಂಎಸ್ಸಿ ಬಾಟನಿ.

ನೆರಳು ಬೀಳುತ್ತಿತ್ತು. ಅರಸೀಕೆರೆಯ ಆ ಮನೆಯಲ್ಲಿ ಈಗ ನಾವಿರುವುದು ಎಂದಾಗ ಅವರ ಮುಖ ಗಂಭೀರವಾಯಿತು. ಹಿತ್ತಲ ವಿಷಯ ಎಂದೆ. ಮುಂದೆ ಹೇಳಲಾಗದೆ, ಸೊಪ್ಪು ಬಹಳ ಚೆನ್ನಾಗಿ ಬೆಳೆದಿದೆ, ಯಾಕೆಂದು ಕೇಳಿಕೊಂಡು ಹೋಗೋಣವೆಂದು ಬಂದೆವು ಎಂದೆ. ಅವರು ನನ್ನನ್ನು, ಅತ್ತೆಯ ಒಗೆದ ಸೀರೆಯನ್ನು, ಮತ್ತೆ ನನ್ನನ್ನು ನೋಡಿದರು.

‘ನಾನು ಬದುಕಿದ್ದೀನಾ ಅಂತ ನೋಡೋಕೆ ಬಂದ್ರಾ ಮೇಡಂ?’ ಎಂದರು.

ನಾವು ತಲೆ ತಗ್ಗಿಸಿದೆವು. ಅವರು ನಕ್ಕರು. ಆದರೆ ಆ ನಗು ಬೇಗ ನಿಂತಿತು. ಕಟ್ಟೆಯ ಮೇಲೆ ನಮ್ಮ ಪಕ್ಕದಲ್ಲೇ ಕೂತು, ಯಾರನ್ನೂ ದೂರದೆ ಎಲ್ಲ ಹೇಳಿದರು. ಅವರದು ಬುದ್ಧನಿಗೆ ನಡೆದುಕೊಳ್ಳುವ ಮನೆ. ಬಾಡಿಗೆಗೆ ಹೋದಲ್ಲೆಲ್ಲ ಮೊದಲು ಹೆಸರು ಕೇಳುತ್ತಾರೆ, ಹೆಸರಿನಲ್ಲಿ ತಿಳಿಯದಿದ್ದರೆ ಊರು ಕೇಳುತ್ತಾರೆ, ಊರಿನಲ್ಲೂ ತಿಳಿಯದಿದ್ದರೆ ಊಟ ಕೇಳುತ್ತಾರೆ. ಅರಸೀಕೆರೆಯಲ್ಲಿ ಮನೆ ಸಿಗದೆ ಅಲೆದು ಅಲೆದು ಸಾಕಾಗಿತ್ತು. ನೀವು ವೆಜ್ ತಾನೆ ಎಂದು ಓನರು ಕೇಳಿದಾಗ ಇವರು ಹೌದೆಂದರು. ಗಂಡನಿಗೆ ಕೆರೆಮೀನು ಎಂದರೆ ಪ್ರಾಣ. ಭಾನುವಾರ ಕಿಟಕಿ ಬಾಗಿಲು ಹಾಕಿ, ಊದುಬತ್ತಿ ಹಚ್ಚಿಟ್ಟು ಅಡಿಗೆ ಮಾಡುತ್ತಿದ್ದರು. ಆದರೆ ಮುಳ್ಳು, ತಲೆ, ಮೂಳೆ? ಕಸದ ಗಾಡಿಗೆ ಬಕೆಟ್ ಸುರಿಯುವಾಗ ಬೀದಿಯವರ ಕಣ್ಣೆಲ್ಲ ಬಕೆಟ್ಟಿನಲ್ಲೇ. ಅದಕ್ಕೇ ಹಿತ್ತಲು, ಅದಕ್ಕೇ ಮುಸ್ಸಂಜೆ, ಬೆಕ್ಕು ಕೆದಕದಂತೆ ಮೇಲೊಂದು ಕಲ್ಲು. ಗಂಡನಿಗೆ ವರ್ಗವಾಗಿ ಮನೆ ಖಾಲಿ ಮಾಡಿದ ದಿನ ಇವರು ಶಾಲೆಗೆಂದು ಮೊದಲ ಬಸ್ಸಿಗೇ ಬಂದುಬಿಟ್ಟಿದ್ದರು. ಸಾಮಾನು ತುಂಬಿಸಿದ್ದು ಗಂಡ. ಇಷ್ಟೇ ಕಥೆ.

ನನಗೆ ಎಷ್ಟು ಹಗುರವಾಯಿತೆಂದರೆ, ಮೀನಿನ ಪ್ರೋಟೀನಿನಲ್ಲಿ ಸಾರಜನಕ ಎಷ್ಟೊಂದು ಇರುತ್ತದೆಂದು ಅಲ್ಲೇ ಪಾಠ ಶುರುಮಾಡಿದೆ. ಗೌತಮಿ ತಾಳ್ಮೆಯಿಂದ ಕೇಳಿದರು. ಕೇಳಿ, ಅತ್ತೆಯ ಕಡೆ ತಿರುಗಿ, ತುಂಬ ಮೆಲ್ಲಗೆ, ‘ಸೊಪ್ಪು ರುಚಿಯಾಗಿತ್ತಾಮ್ಮ?’ ಎಂದರು. ಅದರಲ್ಲಿ ಕುಹಕವಿತ್ತೋ ಕಾಳಜಿಯಿತ್ತೋ ನನಗೆ ಈಗಲೂ ಹೇಳಲಾಗದು. ಅತ್ತೆ ಮರದ ಬುಡವನ್ನು ನೋಡುತ್ತ, ‘ಇತ್ತಮ್ಮ’ ಎಂದರು.

ಎದ್ದು ಹೊರಡುವಾಗ ನಾನು ತೃಪ್ತಿಗೆಂದು ಇನ್ನೊಂದು ಮಾತು ಕೇಳಿದೆ. ಅಷ್ಟು ಉದ್ದಕ್ಕೆ, ಅಷ್ಟು ನೇರವಾಗಿ, ಅಷ್ಟು ಆಳವಾಗಿ ಹೇಗೆ ಅಗೆದಿರಿ, ಆ ಜಲ್ಲಿಮಣ್ಣಿನಲ್ಲಿ?

‘ನಾನು ಆಳಕ್ಕೆ ಅಗೀಲಿಲ್ಲ ಮೇಡಂ’ ಎಂದರು ಗೌತಮಿ. ‘ಗೇಣುದ್ದ ಗುಂಡಿ ಅಷ್ಟೇ. ಹಿತ್ತಲೆಲ್ಲ ಗಟ್ಟಿ, ಅದೊಂದು ಕಡೆ ಮಾತ್ರ ಮಣ್ಣು ಮೊದಲೇ ಮೆತ್ತಗಿತ್ತು. ಯಾರೋ ಮುಂಚೆನೇ ತೋಡಿ ಮುಚ್ಚಿದ ಹಾಗೆ. ನಮಗಿಂತ ಮೊದಲು ಇದ್ದವರೂ ನಮ್ಮ ಥರದವರೇ ಇರ್ಬೇಕು ಅಂದ್ಕೊಂಡೆ.’

ಮಧ್ಯಾಹ್ನದ ಬಿಸಿಲಿನಲ್ಲಿ ನಾನು ಅತ್ತೆಯ ಕೈ ಹಿಡಿದುಕೊಂಡು ಬಸ್ಸಿನ ಕಡೆ ನಡೆದೆ.

ವಾಪಸು ಬಸ್ಸಿನಲ್ಲಿ ಅತ್ತೆಗೆ ಕಿಟಕಿ ಬದಿಯ ಸೀಟು ಸಿಕ್ಕಿತು. ಮೀನಿನ ವಿಷಯಕ್ಕೆ ಅವರು ಏನು ಮಾಡುತ್ತಾರೋ, ಪಂಚಗವ್ಯವೋ ಉಪವಾಸವೋ, ಬೇಲೂರಿಗೆ ಹೋಗಿಬಿಡುತ್ತಾರೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಜಾವಗಲ್ ದಾಟಿದ ಮೇಲೆ ಅವರು ನನ್ನ ಕಡೆ ತಿರುಗದೆ, ಹೊರಗೆ ನೋಡುತ್ತಲೇ ಒಂದು ಸಂಗತಿ ಹೇಳಿದರು. ನಮ್ಮ ಯಜಮಾನರಿಗಿಂತ ಮೊದಲು ಅತ್ತೆಗೆ ಒಂದು ಮಗು ಹೊಟ್ಟೆಯಲ್ಲೇ ಹೋಗಿತ್ತಂತೆ. ಎರಡನೆಯ ಸಲ ಬಸುರಾದಾಗ ಮೈಯಲ್ಲಿ ರಕ್ತವೇ ಇಲ್ಲ, ದಿನಕ್ಕೊಂದು ಮೊಟ್ಟೆ ಕೊಡಿ, ಇಲ್ಲದಿದ್ದರೆ ಇದೂ ನಿಲ್ಲುವುದಿಲ್ಲ ಎಂದರಂತೆ ಡಾಕ್ಟರು. ದೇವಸ್ಥಾನದ ಸೇವೆಯಲ್ಲಿದ್ದ ಮಾವ ಒಂದು ಮಾತೂ ಆಡದೆ, ಮರುದಿನದಿಂದ ಪಂಚೆಯ ಮಡಿಕೆಯಲ್ಲಿ ಸುತ್ತಿ ತಂದು ಕೊಡುತ್ತಿದ್ದರಂತೆ. ಮನೆಯಲ್ಲಿ ಅವರ ತಾಯಿ ಇದ್ದರು. ಚಿಪ್ಪನ್ನು ಎಲ್ಲಿ ಹಾಕುವುದು?

‘ಸಂಪಿಗೆ ಗಿಡದ ಬುಡಕ್ಕೆ’ ಎಂದರು ಅತ್ತೆ. ‘ಮುಸ್ಸಂಜೆ ಹೊತ್ನಲ್ಲಿ, ಕೈಯಲ್ಲೇ ಕೆದಕಿ. ಆ ವರ್ಷ ಹೂವು ಬಿಟ್ಟಿದ್ದು ನೋಡ್ಬೇಕಿತ್ತು ನೀನು. ಎಲ್ಲ ದೇವರಿಗೇ ಹೋಗ್ತಿತ್ತು.’

ಮೊಟ್ಟೆಯ ಚಿಪ್ಪಿನಲ್ಲಿ ಇರುವುದು ಬಹುತೇಕ ಸುಣ್ಣದ ಅಂಶ, ಸಾರಜನಕ ಹೆಸರಿಗಷ್ಟೇ. ಆ ಹೂವಿಗೆ ಕಾರಣ ಬೇರೇನೋ ಇರಬೇಕೆಂದು ನನ್ನ ನಾಲಿಗೆಯ ತುದಿಗೆ ಬಂತು. 

ಹೇಳಲಿಲ್ಲ.

ಮನೆಗೆ ಬಂದವಳೇ ಬಾಣಾವರದ ಓನರಿಗೆ ಫೋನು ಮಾಡಿದೆ. ಗೌತಮಿಯವರ ಊಟದ ಮಾತೆತ್ತಲಿಲ್ಲ. ಅವರಿಗಿಂತ ಮೊದಲು ಇಲ್ಲಿ ಯಾರಿದ್ದರೆಂದು ಮಾತ್ರ ಕೇಳಿದೆ. ಯಾರೂ ಇರಲಿಲ್ಲ ಎಂದರು. ಮನೆ ಕಟ್ಟಿ ಮೊದಲು ಕೊಟ್ಟದ್ದೇ ಅವರಿಗೆ. ಅದಕ್ಕೆ ಮೊದಲು ಅದು ಬರೀ ಖಾಲಿ ಜಾಗ. ಹಾಗಾದರೆ ಕಾಂಪೌಂಡಿನ ಪಕ್ಕ ಮಣ್ಣು ಅಷ್ಟು ಮೆತ್ತಗೆ ಯಾಕಿದೆ ಎಂದೆ. ಆ ಕಡೆ ಮಾತು ನಿಂತಿತು. ಫೋನು ಕಟ್ಟಾಯಿತೇನೋ ಎಂದು ನೋಡಿದೆ, ಆಗಿರಲಿಲ್ಲ. ಅವರ ಅಂಗಡಿಯಲ್ಲಿ ಯಾರೋ ಬೆಲ್ಲದ ಬೆಲೆ ಕೇಳುತ್ತಿದ್ದುದು ಕೇಳಿಸುತ್ತಿತ್ತು. ಅವರು ಉತ್ತರ ಕೊಡುತ್ತಿರಲಿಲ್ಲ.

‘ಯಾಕ್ರೀ ಮೇಡಂ?’ ಎಂದರು ಕೊನೆಗೆ. ‘ಏನಾದ್ರೂ ಮೇಲೆ ಬಂತಾ?’

ಸೊಪ್ಪು ಬಂದಿದೆ ಎಂದೆ.

‘ಸೊಪ್ಪು ತಾನೆ? ತಿನ್ನಿ, ತಿನ್ನಿ’ ಎಂದು ಫೋನಿಟ್ಟರು. ಆಮೇಲೆ ಎರಡು ಸಲ ಮಾಡಿದೆ, ಎತ್ತಲಿಲ್ಲ.

ಮನೆ ಬಿಟ್ಟೆವೇ ಎಂದು ನೀವು ಕೇಳಬಹುದು. ನೀರಿನ ವಿಷಯ ಆಗಲೇ ಹೇಳಿದ್ದೇನೆ. ಅಗೆಸಿ ನೋಡಿದೆವೇ ಎಂದೂ ಕೇಳಬಹುದು. ಅಗೆದರೆ ಏನಾದರೂ ಸಿಗಬಹುದು, ಸಿಕ್ಕರೆ ಅದರ ಜೊತೆ ಬದುಕಬೇಕು. ಅಗೆಯದಿದ್ದರೆ ಸೊಪ್ಪಿನ ಜೊತೆ ಬದುಕಿದರಾಯಿತು ಎಂದು ನಮ್ಮ ಯಜಮಾನರು ಬ್ಯಾಂಕಿನವರ ಲೆಕ್ಕಾಚಾರ ಹೇಳಿದರು. ಮೀನಿನ ಸಂಗತಿಯನ್ನು ನಾನೂ ಅತ್ತೆಯೂ ಅವರಿಗೆ ಹೇಳಿಲ್ಲ. ಈಗ ಓದಿದರೆ ಓದಿಕೊಳ್ಳಲಿ. ಬೀದಿಯವರಿಗೆ ಮಾತ್ರ ಗೌತಮಿ ಮೇಡಂ ಚೆನ್ನಾಗಿದ್ದಾರೆಂದು ಅತ್ತೆ ಮನೆಮನೆಗೂ ಹೋಗಿ ಹೇಳಿಬಂದರು. ಏನು ಹೂಳುತ್ತಿದ್ದರಂತೆ ಎಂದು ಜಯಮ್ಮ ಕೇಳಿದ್ದಕ್ಕೆ, ಹೂವಿನ ಗೆಡ್ಡೆ ಎಂದು ಕಣ್ಣು ಮಿಟುಕಿಸದೆ ಹೇಳಿದರಂತೆ. ದೇವರ ಸೇವೆಯ ಮನೆಯವರು ಸುಳ್ಳು ಹೇಳಿದರೆ ಅದಕ್ಕೆ ಬೇರೆಯೇ ತೂಕ. ಜಯಮ್ಮ ಅಂದೇ ಒಂದು ಕಟ್ಟು ಸೊಪ್ಪು ಕೇಳಿ ಇಸಿದುಕೊಂಡರು.

ಒಂದು ವಾರ ಅತ್ತೆ ಹಿತ್ತಲ ಕಡೆ ಹೋಗಲಿಲ್ಲ. ಆಮೇಲೆ ಒಂದು ಸಂಜೆ ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಅಡಿಗೆಮನೆಯಿಂದ ಒಗ್ಗರಣೆಯ ಘಮ ಬರುತ್ತಿತ್ತು. ಬೆಳ್ಳುಳ್ಳಿ ಇಲ್ಲದ, ಇಂಗಿನ ಒಗ್ಗರಣೆ. ಊಟಕ್ಕೆ ಕೂತಾಗ ಬಟ್ಟಲಿನಲ್ಲಿ ಆ ಕಪ್ಪು ಹಸಿರು. ನಮ್ಮ ಯಜಮಾನರು ಅಬ್ಬಾ ಅಂತೂ ಬಂತಲ್ಲ ಎಂದು ಕಲಸಿಕೊಂಡರು. ಅತ್ತೆ ತಮ್ಮ ತಟ್ಟೆಯನ್ನು ಸ್ವಲ್ಪ ಹೊತ್ತು ನೋಡಿದರು. ಯಾರಿಗೋ ನಮಸ್ಕಾರ ಮಾಡುವಂತೆ ಒಂದು ಕ್ಷಣ ಕೈ ಮುಗಿದು, ಊಟ ಮಾಡತೊಡಗಿದರು.

ನಾನೂ ಕಲಸಿದೆ. ಎಲ್ಲ ನನಗೆ ಗೊತ್ತು. ಬೇರು ಒಳಗೆ ಬಿಟ್ಟುಕೊಳ್ಳುವುದು ನೈಟ್ರೇಟನ್ನು. ಅದು ಮೀನಿನದೋ ಸೆಗಣಿಯದೋ, ಹೆಸರಿಲ್ಲದೆ ಮಲಗಿದವರದೋ ಎಂದು ಯಾವ ಪ್ರಯೋಗಶಾಲೆಯಲ್ಲೂ ರುಚಿ ನೋಡಿ ಹೇಳಲಾಗದು. ಇದನ್ನು ನಾನು ಪ್ರತಿ ವರ್ಷ ಹುಡುಗ ಹುಡುಗಿಯರಿಗೆ ಮೇಜು ಕುಟ್ಟಿ ಹೇಳುತ್ತೇನೆ. ತುತ್ತು ಬಾಯಿಯ ತನಕ ಬಂತು, ಅಲ್ಲೇ ನಿಂತಿತು. ತಡೆದದ್ದು ಮೀನಿನ ಮುಳ್ಳೋ, ಮೊದಲೇ ಮೆತ್ತಗಿದ್ದ ಆ ಮಣ್ಣೋ ನನಗೇ ತಿಳಿಯಲಿಲ್ಲ. ಮಣ್ಣು ಎಂದು ಹೇಳಿಕೊಳ್ಳಲು ಇಷ್ಟಪಡುತ್ತೇನೆ. ಅದಾದರೆ ಬರೀ ಹೆದರಿಕೆ. ಮುಳ್ಳಾದರೆ ಅದಕ್ಕೆ ಬೇರೆ ಹೆಸರಿದೆ.

ಯಾಕೆ ತಿನ್ನುತ್ತಿಲ್ಲವೆಂದು ನಮ್ಮ ಯಜಮಾನರು ಕೇಳಿದರು. ಈ ಜಾತಿಯ ಸೊಪ್ಪು ಎಲೆಯಲ್ಲಿ ನೈಟ್ರೇಟನ್ನು ಕೂಡಿಟ್ಟುಕೊಳ್ಳುತ್ತದೆ, ಅತಿಯಾದರೆ ಮೈಗೆ ಒಳ್ಳೆಯದಲ್ಲ ಎಂದು ಶಾಸ್ತ್ರೋಕ್ತವಾಗಿ ವಿವರಿಸಿದೆ. ಮಾತು ಸುಳ್ಳಲ್ಲ. ಅವರು ನಂಬಿ, ಮಿಕ್ಕ ಸಾರನ್ನು ಅನುಮಾನದಿಂದ ಪಕ್ಕಕ್ಕೆ ಸರಿಸಿದರು. ಅತ್ತೆ ನನ್ನ ಮುಖವನ್ನೊಮ್ಮೆ ನೋಡಿ, ಏನೂ ಕೇಳದೆ, ಇನ್ನೊಂದು ಸೌಟು ಸಾರು ಬಡಿಸಿಕೊಂಡರು. ನಾನು ಮೊಸರಿನ ಪಾತ್ರೆಗೆ ಕೈ ಚಾಚಿದೆ.